ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ: ಪರೀಕ್ಷೆಗೆ ಒಂದು ಗಂಟೆ, ಉತ್ತರಕ್ಕೆ ಒಂದು ದಿನ

2011ರ ಜೂನ್ ತಿಂಗಳು. ಅಮೆರಿಕದ ಬೆಥೆಸ್ಡಾದಲ್ಲಿರುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನ ಕ್ಲಿನಿಕಲ್ ಸೆಂಟರ್‌ಗೆ ನ್ಯೂಯಾರ್ಕಿನ ಇನ್ನೊಂದು ಆಸ್ಪತ್ರೆಯಿಂದ ಒಬ್ಬ ರೋಗಿ ಬಂದರು. ಅವರ ಮೈಯಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಇತ್ತು. ಅದು ಮಾಮೂಲಿ ತಳಿ ಆಗಿರಲಿಲ್ಲ. ಬೇರೆ ಯಾವ ಆ್ಯಂಟಿಬಯಾಟಿಕ್ಕೂ ನಾಟದಾಗ ವೈದ್ಯರು ಕೈಗೆತ್ತಿಕೊಳ್ಳುವ ಕಾರ್ಬಾಪೆನೆಮ್ ಮದ್ದನ್ನೂ ಕತ್ತರಿಸಿ ಹಾಕುವ ಕೆಪಿಸಿ ಎಂಬ ಕಿಣ್ವ ಅದರ ಬಳಿ ಇತ್ತು. ಆಸ್ಪತ್ರೆಗೆ ಈ ವಿಷಯ ಮೊದಲೇ ಗೊತ್ತಿತ್ತು. ರೋಗಿಯನ್ನು ಪ್ರತ್ಯೇಕವಾಗಿ ಇಟ್ಟರು. ಒಳಗೆ ಹೋಗುವವರು ಗೌನ್, ಗ್ಲೌಸ್ ಹಾಕಿಕೊಂಡರು. ಜುಲೈ 15ಕ್ಕೆ ರೋಗಿ ಡಿಸ್ಚಾರ್ಜ್ ಆದರು. ಬೇರೆ ಯಾರಿಗೂ ಹರಡಿದ ಸುಳಿವು ಇರಲಿಲ್ಲ.

ಮೂರು ವಾರ ಕಳೆಯಿತು. ಆಗಸ್ಟ್ ಮೊದಲ ವಾರದಲ್ಲಿ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಆಮೇಲೆ ಸರಿಸುಮಾರು ವಾರಕ್ಕೊಬ್ಬರಂತೆ ಪಟ್ಟಿ ಬೆಳೆಯಿತು. ಕೊನೆಗೆ ಒಟ್ಟು 18 ಮಂದಿ. ಅವರಲ್ಲಿ 11 ಜನ ತೀರಿಕೊಂಡರು. 6 ಸಾವುಗಳಿಗೆ ಈ ಸೋಂಕೇ ಕಾರಣ ಎಂದು ತೀರ್ಮಾನವಾಯಿತು. ಬ್ಯಾಕ್ಟೀರಿಯಾಗಳ ಪೂರ್ತಿ ಜೀನೋಮ್ ಓದಿ ಹೋಲಿಸಿ ನೋಡಿದಾಗ ಎಲ್ಲದರ ಮೂಲವೂ ಆ ಮೊದಲ ರೋಗಿಯೇ ಎಂದು ಗೊತ್ತಾಯಿತು.

ಹಾಗಾದರೆ ನಡುವಿನ ಆ ಮೂರು ವಾರ ಬ್ಯಾಕ್ಟೀರಿಯಾ ಎಲ್ಲಿತ್ತು? ಬೇರೆ ರೋಗಿಗಳ ಮೈಯಲ್ಲಿ ಸುಮ್ನೆ ಕೂತಿತ್ತು. ಜ್ವರ ಇಲ್ಲ, ಕೀವು ಇಲ್ಲ, ನೋವಿಲ್ಲ. ಹುಡುಕಿದ್ದರೆ ಮಾತ್ರ ಸಿಗುವಂತಿತ್ತು.

ಆಸ್ಪತ್ರೆಗಳಲ್ಲಿ ಸ್ಕ್ರೀನಿಂಗ್, ಅಂದರೆ ಕಾಯಿಲೆಯ ಲಕ್ಷಣ ಇಲ್ಲದವರನ್ನೂ ಪರೀಕ್ಷಿಸಿ ನೋಡುವುದು, ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಮೂರು ವಾರಗಳ ಕಥೆಯನ್ನೇ. ಈಗ ಹುಡುಕುವ ಕೆಲಸ ತುಂಬಾ ಬೇಗ ಆಗುತ್ತದೆ, ಎರಡು ಮೂರು ದಿನದ ಪರೀಕ್ಷೆ ಒಂದು ಗಂಟೆಗೆ ಇಳಿದಿದೆ ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಸುದ್ದಿ ನಿಜ. ಆದರೆ ಯಂತ್ರದೊಳಗಿನ ಒಂದು ಗಂಟೆ ಬೇರೆ, ರೋಗಿಯ ಹಾಸಿಗೆಯ ಪಕ್ಕದ ಗಡಿಯಾರ ಬೇರೆ. ಈ ಎರಡರ ನಡುವೆ ಎಷ್ಟು ಅಂತರ ಇದೆ, ಆ ಅಂತರದಲ್ಲಿ ಏನಾಗುತ್ತದೆ ಎಂದು ನೋಡದೆ ಹೊಸ ಯಂತ್ರದ ಬೆಲೆ ಕಟ್ಟಲು ಆಗುವುದಿಲ್ಲ.

ಹೊತ್ತವರು ಬೇರೆ, ಬಿದ್ದವರು ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬ್ಯಾಕ್ಟೀರಿಯಾ ಮೈಮೇಲೆ ಇರುವುದು ಒಂದು, ಅದು ಕಾಯಿಲೆ ತರುವುದು ಇನ್ನೊಂದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ. ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಹಾಯಾಗಿ ಬದುಕಿರುತ್ತದೆ. ಅವರಿಗೆ ಅದರಿಂದ ಏನೂ ತೊಂದರೆ ಇರುವುದಿಲ್ಲ. ಅದೇ ಬ್ಯಾಕ್ಟೀರಿಯಾ ಆಪರೇಷನ್ ಗಾಯಕ್ಕೆ ಅಥವಾ ರಕ್ತನಾಳದೊಳಗೆ ಇಟ್ಟ ಕೊಳವೆಗೆ ದಾಟಿತು ಎನ್ನಿ. ಆಗ ಜೀವಕ್ಕೇ ಕುತ್ತು ಬರಬಹುದು.

ಈ ಬ್ಯಾಕ್ಟೀರಿಯಾದಲ್ಲಿ ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗದ ತಳಿಯೇ ಎಂಆರ್‌ಎಸ್‌ಎ. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. ಅದಕ್ಕೆ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ವರದಿಯಾದದ್ದು 1961ರಲ್ಲಿ. ಎರಡೇ ವರ್ಷ! ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಮದ್ದನ್ನು ಅರೆಬರೆ ಪ್ರಮಾಣದಲ್ಲಿ ಬಳಸಿದರೆ ಬ್ಯಾಕ್ಟೀರಿಯಾ ಅದನ್ನು ಸಹಿಸಿಕೊಳ್ಳಲು ಕಲಿಯುತ್ತದೆ ಎಂದಿದ್ದರು.

ಎಂಆರ್‌ಎಸ್‌ಎ ಮೂಗು, ಗಂಟಲು, ತೊಡೆಸಂದಿಯಲ್ಲಿ ನೆಲೆಸುತ್ತದೆ. ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟೆರೊಕಾಕಸ್, ಕಾರ್ಬಾಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲಿ ಇವೆಲ್ಲ ಕರುಳಿನ ವಾಸಿಗಳು. ಕಾರ್ಬಾಪೆನೆಮ್‌ಗೆ ಬಗ್ಗದ ಈ ಗುಂಪಿಗೆ ಸಿಆರ್‌ಇ ಎನ್ನುತ್ತಾರೆ. ಹಾಗಾಗಿ ಒಂದಕ್ಕೆ ಮೂಗಿನ ಸ್ವ್ಯಾಬ್ ಬೇಕು, ಇನ್ನೊಂದಕ್ಕೆ ಗುದದ್ವಾರದ ಸ್ವ್ಯಾಬ್. ಎರಡನೆಯದನ್ನು ಕೊಡಲು ರೋಗಿಗೂ ಮುಜುಗರ, ತೆಗೆಯಲು ಸಿಬ್ಬಂದಿಗೂ ಮುಜುಗರ. ಮುಜುಗರದಿಂದ ಸರಿಯಾಗಿ ತೆಗೆಯದ ಸ್ವ್ಯಾಬ್ ಅನ್ನು ಎಷ್ಟು ವೇಗದ ಯಂತ್ರಕ್ಕೆ ಹಾಕಿದರೂ ಪ್ರಯೋಜನವಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಸಣ್ಣದಲ್ಲ. ರೋಗಿಗೆ ಯಾಕೆ, ಏನು ಎಂದು ಎರಡು ನಿಮಿಷ ಕೂತು ಹೇಳುವುದೂ ಪರೀಕ್ಷೆಯ ಭಾಗವೇ.

ಲೆಕ್ಕ ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಅಂದಾಜು ಸಾಕು. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಜಾಗತಿಕ ಅಧ್ಯಯನದ ಪ್ರಕಾರ, 2019ರ ಒಂದೇ ವರ್ಷದಲ್ಲಿ 12.7 ಲಕ್ಷ ಸಾವುಗಳಿಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣ. ಅಂಥ ಸೋಂಕಿನ ಜೊತೆಗೇ ಆದ ಸಾವುಗಳನ್ನೆಲ್ಲ ಸೇರಿಸಿದರೆ 49.5 ಲಕ್ಷ.

ತಟ್ಟೆಯ ಮೇಲೆ ಎರಡು ರಾತ್ರಿ

ಹಳೆಯ ದಾರಿ ಯಾಕೆ ನಿಧಾನ? ಅದು ಬ್ಯಾಕ್ಟೀರಿಯಾ ಬೆಳೆಯುವುದನ್ನು ಕಾಯುವ ದಾರಿ. ಸ್ವ್ಯಾಬ್ ಅನ್ನು ಪೋಷಕಾಂಶ ತುಂಬಿದ ಅಗರ್ ಪ್ಲೇಟಿನ ಮೇಲೆ ಎಳೆಯುತ್ತಾರೆ. ಪ್ಲೇಟನ್ನು ಮೈಬಿಸಿಯಷ್ಟು ಕಾವಿರುವ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತಾರೆ. ರಾತ್ರಿ ಕಳೆದು ಬೆಳಿಗ್ಗೆ ತೆಗೆದು ನೋಡುತ್ತಾರೆ. ಜೂಲಿಯಸ್ ಪೆಟ್ರಿ ಈ ಮುಚ್ಚಳದ ತಟ್ಟೆಯನ್ನು ವಿವರಿಸಿದ್ದು 1887ರಲ್ಲಿ. ಇಂದಿಗೂ ಲ್ಯಾಬ್‌ನ ಕೆಲಸ ನಿಂತಿರುವುದು ಅದರ ಮೇಲೇ.

ಇ. ಕೋಲಿಯಂಥ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ ಮೂರು ಸಲ, 8 ಗಂಟೆಗೆ 24 ಸಲ. ಒಂದು ಇದ್ದದ್ದು 1.6 ಕೋಟಿ ದಾಟುತ್ತದೆ. ಕಣ್ಣಿಗೆ ಕಾಣುವ ಒಂದು ಚುಕ್ಕೆ, ಅಂದರೆ ಕಾಲನಿ, ಆಗಬೇಕಾದರೆ ಇಂಥ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಗುಂಪೇ ಬೇಕು. ಸ್ವ್ಯಾಬ್‌ನಲ್ಲಿ ಬಂದ ಬ್ಯಾಕ್ಟೀರಿಯಾ ಅಷ್ಟು ಚುರುಕಾಗಿಯೂ ಇರುವುದಿಲ್ಲ. ಅದಕ್ಕೇ 18ರಿಂದ 24 ಗಂಟೆ ಹಿಡಿಯುತ್ತದೆ.

ಬಣ್ಣದ ಪ್ಲೇಟುಗಳು ಬಂದ ಮೇಲೆ ಈ ಕೆಲಸ ಸ್ವಲ್ಪ ಹಗುರಾಯಿತು. ಅಗರ್‌ನಲ್ಲೇ ಆ್ಯಂಟಿಬಯಾಟಿಕ್ ಬೆರೆಸಿರುತ್ತಾರೆ. ಬಗ್ಗುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುವುದೇ ಇಲ್ಲ. ಬಗ್ಗದವು ಬೆಳೆಯುತ್ತವೆ, ತಮ್ಮ ಕಿಣ್ವದಿಂದ ಪ್ಲೇಟಿನ ರಾಸಾಯನಿಕವನ್ನು ಒಡೆದು ಗುಲಾಬಿಯೋ ನೀಲಿಯೋ ಬಣ್ಣ ಪಡೆಯುತ್ತವೆ. ಅನುಭವ ಇರುವ ಟೆಕ್ನಿಷಿಯನ್ ಪ್ಲೇಟ್ ನೋಡಿದ ಕೂಡಲೇ ಅನುಮಾನ ಹೇಳಬಲ್ಲರು. ಆದರೆ ಅನುಮಾನ ರಿಪೋರ್ಟ್ ಆಗುವುದಿಲ್ಲ. ಕಾಲನಿಯನ್ನು ಎತ್ತಿ ಅದು ಯಾವ ಜಾತಿ ಎಂದು ಗುರುತಿಸಬೇಕು. ಯಾವ ಮದ್ದಿಗೆ ಬಗ್ಗುತ್ತದೆ, ಯಾವುದಕ್ಕೆ ಇಲ್ಲ ಎಂದು ನೋಡಬೇಕು. ಅದಕ್ಕೆ ಇನ್ನೊಂದು ರಾತ್ರಿ. ಹೀಗೆ ಎರಡು ದಿನ, ಕೆಲವೊಮ್ಮೆ ಮೂರು ದಿನ. ಭಾನುವಾರ ನಡುವೆ ಬಂದರೆ ಇನ್ನೂ ಜಾಸ್ತಿ.

ಈ ಎರಡು ದಿನ ವಾರ್ಡ್‌ನಲ್ಲಿ ಏನು ಮಾಡುವುದು? ಎರಡೇ ದಾರಿ. ಅನುಮಾನದ ಮೇಲೆ ರೋಗಿಯನ್ನು ಬೇರೆ ಕೋಣೆಗೆ ಹಾಕಬೇಕು, ಇಲ್ಲವೇ ಫಲಿತಾಂಶ ಬರುವವರೆಗೆ ಎಲ್ಲರ ಜೊತೆ ಇರಿಸಬೇಕು. ಮೊದಲನೆಯದಕ್ಕೆ ಎಲ್ಲೂ ಸಾಕಷ್ಟು ಕೋಣೆಗಳಿಲ್ಲ. ಎರಡನೆಯದು ಜೂಜು.

ಬೆಳೆಸುವುದನ್ನೇ ಬಿಟ್ಟರೆ?

ವೇಗದ ದಾರಿಗಳು ಒಂದೆರಡಲ್ಲ. ಕೆಲವು ಪ್ಲೇಟಿನ ಮೇಲೆ ಕಾಲನಿ ಬಂದ ಮೇಲಿನ ಸಮಯ ಉಳಿಸುತ್ತವೆ. ಇನ್ನು ಕೆಲವು ಪ್ಲೇಟನ್ನೇ ಪಕ್ಕಕ್ಕಿಡುತ್ತವೆ.

ಮೊದಲ ಬಗೆಯಲ್ಲಿ ಹೆಸರು ಮಾಡಿದ್ದು ಮಾಲ್ಡಿ-ಟಾಫ್ ಎಂಬ ಯಂತ್ರ. ಕಾಲನಿಯ ಒಂದು ಚೂರನ್ನು ಲೋಹದ ತಟ್ಟೆಗೆ ಸವರಿ ಲೇಸರ್ ಹೊಡೆಯುತ್ತಾರೆ. ಬ್ಯಾಕ್ಟೀರಿಯಾದ ಪ್ರೋಟೀನ್‌ಗಳು ಎದ್ದು ನಿರ್ವಾತದ ಕೊಳವೆಯಲ್ಲಿ ಹಾರುತ್ತವೆ. ಹಗುರವಾದವು ಬೇಗ ತಲುಪುತ್ತವೆ, ಭಾರದವು ತಡವಾಗಿ. ಆ ಸಮಯದಿಂದ ತೂಕ ಗೊತ್ತಾಗುತ್ತದೆ. ತೂಕಗಳ ಸಾಲು ಬೆರಳಚ್ಚಿನ ಹಾಗೆ ಕೆಲಸ ಮಾಡುತ್ತದೆ. ಲೇಸರ್‌ನಿಂದ ಪ್ರೋಟೀನನ್ನು ಒಡೆಯದೆ ಎಬ್ಬಿಸಿ ತೂಗುವ ದಾರಿ ತೋರಿಸಿದ್ದಕ್ಕೆ ಜಪಾನಿನ ಕೊಯಿಚಿ ತನಾಕಾ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಒಂದು ದಿನ ಹಿಡಿಯುತ್ತಿದ್ದ ಗುರುತಿಸುವ ಕೆಲಸ ಈಗ ಕೆಲವೇ ನಿಮಿಷದ್ದು. ಆದರೆ ಈ ಯಂತ್ರ ಸಾಮಾನ್ಯವಾಗಿ 'ಇದು ಯಾರು' ಎಂದು ಹೇಳುತ್ತದೆ. 'ಇದು ಯಾವ ಮದ್ದಿಗೆ ಬಗ್ಗದು' ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು.

ಅದಕ್ಕೊಂದು ಸರಳ ಉಪಾಯ ಇದೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಪಟ್ಟಿಯಂಥದ್ದೇ ಪಟ್ಟಿ. ಕಾಲನಿಯನ್ನು ದ್ರವದಲ್ಲಿ ಕರಗಿಸಿ ಹನಿ ಹಾಕಿದರೆ 15 ನಿಮಿಷದಲ್ಲಿ ಗೆರೆ ಮೂಡುತ್ತದೆ. ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48 ಎಂಬ, ಕಾರ್ಬಾಪೆನೆಮ್ ಒಡೆಯುವ ಐದು ಮುಖ್ಯ ಕಿಣ್ವಗಳಲ್ಲಿ ಯಾವುದಿದೆ ಎಂದು ಅದು ತೋರಿಸುತ್ತದೆ. ದೊಡ್ಡ ಯಂತ್ರ ಬೇಡ, ಕರೆಂಟೂ ಬೇಡ. ವೇಗ ಎಂದರೆ ದುಬಾರಿ ಯಂತ್ರ ಎಂದುಕೊಂಡವರಿಗೆ ನಾನು ಈ ಪಟ್ಟಿಯನ್ನು ತೋರಿಸಲು ಇಷ್ಟಪಡುತ್ತೇನೆ.

ಎರಡನೆಯ ಬಗೆ ಪಿಸಿಆರ್. ಕ್ಯಾರಿ ಮುಲ್ಲಿಸ್ 1983ರಲ್ಲಿ ಹೊಳೆಯಿಸಿಕೊಂಡ ಈ ಉಪಾಯದಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸುವ ಬದಲು ಅದರ ಒಂದು ಜೀನನ್ನು ಮಾತ್ರ ಬೆಳೆಸುತ್ತಾರೆ. ಬಿಸಿ ಮಾಡು, ತಣ್ಣಗೆ ಮಾಡು, ಮತ್ತೆ ಬಿಸಿ ಮಾಡು. ಪ್ರತಿ ಸುತ್ತಿಗೂ ಡಿಎನ್‌ಎ ಎರಡು ಪಟ್ಟು. ಬ್ಯಾಕ್ಟೀರಿಯಾ ಎರಡಾಗಲು 20 ನಿಮಿಷ ತೆಗೆದುಕೊಂಡರೆ ಇಲ್ಲಿ ಒಂದು ಸುತ್ತಿಗೆ ಒಂದೆರಡು ನಿಮಿಷ ಸಾಕು. ಈಗಿನ ಕಾರ್ಟ್ರಿಜ್ ಯಂತ್ರಗಳಲ್ಲಿ ಸ್ವ್ಯಾಬ್‌ನ ದ್ರವವನ್ನು ಒಂದು ಡಬ್ಬಿಗೆ ಸುರಿದು ಒಳಗಿಟ್ಟರೆ ಆಯಿತು. ಎಂಆರ್‌ಎಸ್‌ಎ ಆಗಲಿ, ಮೇಲೆ ಹೇಳಿದ ಐದು ಕಿಣ್ವಗಳ ಜೀನ್‌ಗಳಾಗಲಿ, ಸುಮಾರು ಒಂದು ಗಂಟೆಯೊಳಗೆ ಉತ್ತರ ಬರುತ್ತದೆ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತಿದೆ. ದೊಡ್ಡ ಲ್ಯಾಬ್‌ಗಳಲ್ಲಿ ಪ್ಲೇಟ್ ಹಚ್ಚುವುದು ರೋಬೋ, ಇನ್‌ಕ್ಯುಬೇಟರ್‌ನೊಳಗೆ ಗೊತ್ತಾದ ಹೊತ್ತಿಗೆ ಫೋಟೊ ತೆಗೆಯುವುದು ಕ್ಯಾಮೆರಾ. ಏನೂ ಬೆಳೆಯದ ಪ್ಲೇಟುಗಳನ್ನು ಸಾಫ್ಟ್‌ವೇರ್ ಬೇರೆ ಮಾಡುತ್ತದೆ. ಟೆಕ್ನಿಷಿಯನ್ ಅನುಮಾನ ಇರುವವನ್ನು ಮಾತ್ರ ನೋಡಿದರೆ ಸಾಕು. ಇಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುವುದಿಲ್ಲ. ಬೆಳೆದದ್ದನ್ನು ಯಾರೂ ನೋಡದೆ ಬೆಳಗಾಗುವವರೆಗೆ ಬಿಡುತ್ತಿದ್ದ ಆ ಗಂಟೆಗಳು ಉಳಿಯುತ್ತವೆ.

ಜೀನ್ ಸಿಕ್ಕಿತು ಅಂದರೆ ಬ್ಯಾಕ್ಟೀರಿಯಾ ಸಿಕ್ಕಿತು ಅಂತಲ್ಲ

ಪಿಸಿಆರ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಅದು ಎಲ್ಲವನ್ನೂ ಹಿಡಿಯುತ್ತದೆ ಎನ್ನುವುದು. ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

2011ರಲ್ಲಿ ಒಂದು ಪಾಠ ಆಯಿತು. ಎಂಆರ್‌ಎಸ್‌ಎ ಪತ್ತೆಗೆ ಲ್ಯಾಬ್‌ಗಳು ಹುಡುಕುತ್ತಿದ್ದದ್ದು ಮೆಕ್-ಎ ಎಂಬ ಜೀನ್. ಆ ವರ್ಷ ದನಗಳ ಹಾಲಿನಲ್ಲೂ ಮನುಷ್ಯರಲ್ಲೂ ಸಿಕ್ಕ ಕೆಲವು ತಳಿಗಳು ಪ್ಲೇಟಿನ ಮೇಲೆ ಸ್ಪಷ್ಟವಾಗಿ ಎಂಆರ್‌ಎಸ್‌ಎ ಹಾಗೆ ನಡೆದುಕೊಂಡವು. ಪಿಸಿಆರ್ ಮಾತ್ರ 'ಇಲ್ಲ' ಎಂದಿತು. ಕಾರಣ, ಅವುಗಳಲ್ಲಿ ಇದ್ದದ್ದು ಮೆಕ್-ಸಿ ಎಂಬ ಬೇರೆ ಜೀನ್. ನಿಧಾನದ ಪ್ಲೇಟ್ ಇಲ್ಲದಿದ್ದರೆ ಇದು ಬೇಗ ಬೆಳಕಿಗೆ ಬರುತ್ತಿರಲಿಲ್ಲ.

ಇದಕ್ಕೆ ಉಲ್ಟಾ ತಪ್ಪೂ ಆಗುತ್ತದೆ. ಕೆಲವು ಸ್ಟ್ಯಾಫ್ ತಳಿಗಳು ಮೆಕ್-ಎ ಜೀನನ್ನು ಕಳೆದುಕೊಂಡಿರುತ್ತವೆ, ಆದರೆ ಅದು ಕೂತಿದ್ದ ಡಿಎನ್‌ಎ ಚೌಕಟ್ಟು ಉಳಿದಿರುತ್ತದೆ. ಪರೀಕ್ಷೆ ಚೌಕಟ್ಟಿನ ಅಂಚನ್ನು ಹುಡುಕುವಂಥದ್ದಾಗಿದ್ದರೆ ಮದ್ದಿಗೆ ಬಗ್ಗುವ ಬ್ಯಾಕ್ಟೀರಿಯಾವನ್ನೂ ಎಂಆರ್‌ಎಸ್‌ಎ ಎಂದು ಹೇಳಿಬಿಡುತ್ತದೆ. ವ್ಯಾನ್-ಬಿ ಎಂಬ ಜೀನಿನ ಕಥೆ ಇನ್ನೂ ಸೂಕ್ಷ್ಮ. ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟೆರೊಕಾಕಸ್ ಹುಡುಕಲು ಈ ಜೀನನ್ನು ನೋಡುತ್ತಾರೆ. ಆದರೆ ಕರುಳಿನಲ್ಲಿ ಆಮ್ಲಜನಕ ಇಲ್ಲದೆ ಬದುಕುವ ಬೇರೆ ಬ್ಯಾಕ್ಟೀರಿಯಾಗಳಲ್ಲೂ ಇದೇ ಜೀನ್ ಇರುತ್ತದೆ. ಅವುಗಳಿಗೂ ನಾವು ಹುಡುಕುತ್ತಿರುವುದಕ್ಕೂ ಸಂಬಂಧವೇ ಇಲ್ಲ. ಸ್ವ್ಯಾಬ್‌ನಲ್ಲಿ ಎಲ್ಲವೂ ಬೆರೆತಿರುವಾಗ ಜೀನ್ ಯಾರದ್ದು ಎಂದು ಪಿಸಿಆರ್ ಹೇಳಲಾರದು. ಚಿಕಿತ್ಸೆಯಿಂದ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಕೆಲ ದಿನ ಉಳಿದು ದಾರಿ ತಪ್ಪಿಸಬಹುದು.

ಹಾಗಾಗಿ ಒಳ್ಳೆಯ ಲ್ಯಾಬ್‌ಗಳು ಎರಡನ್ನೂ ಇಟ್ಟುಕೊಳ್ಳುತ್ತವೆ. ಪಿಸಿಆರ್ ಇವತ್ತಿನ ನಿರ್ಧಾರಕ್ಕೆ, ಪ್ಲೇಟ್ ನಾಳೆಯ ಖಾತ್ರಿಗೆ. ಕೈಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಯಾವ ಮದ್ದು ಇನ್ನೂ ಕೆಲಸ ಮಾಡುತ್ತದೆ ಎಂದು ನೋಡಬಹುದು. ಬೆಥೆಸ್ಡಾದಲ್ಲಿ ಮಾಡಿದ ಹಾಗೆ ಜೀನೋಮ್ ಓದಿ ಹರಡಿದ ದಾರಿ ಹುಡುಕಬಹುದು.

ಒಂದು ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. ಉದಾಹರಣೆಗೆ 1000 ರೋಗಿಗಳು ದಾಖಲಾದರು ಎಂದುಕೊಳ್ಳಿ. ಅವರಲ್ಲಿ 20 ಜನ ನಿಜವಾಗಿ ಬ್ಯಾಕ್ಟೀರಿಯಾ ಹೊತ್ತವರು. ಪರೀಕ್ಷೆ ಇದ್ದವರಲ್ಲಿ ನೂರಕ್ಕೆ 95 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 95 ಜನರನ್ನು ಸರಿಯಾಗಿ ಬಿಡುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಫಲಿತಾಂಶ ನೋಡಿ. 20ರಲ್ಲಿ 19 ಜನ ಸಿಗುತ್ತಾರೆ. ಉಳಿದ 980ರಲ್ಲಿ 49 ಜನರಿಗೆ ಸುಳ್ಳು 'ಇದೆ' ಬರುತ್ತದೆ. ಒಟ್ಟು 68 'ಇದೆ'ಗಳಲ್ಲಿ ನಿಜ 19 ಮಾತ್ರ. ಆದರೆ 'ಇಲ್ಲ' ಎಂದು ಬಂದ 932 ಜನರಲ್ಲಿ ತಪ್ಪಿದ್ದು ಒಬ್ಬರೇ.

ಅಂದರೆ ಹೊತ್ತವರು ಕಡಿಮೆ ಇರುವ ಕಡೆ ಎಲ್ಲರನ್ನೂ ಪರೀಕ್ಷಿಸಿದರೆ 'ಇದೆ' ಎಂಬ ಉತ್ತರ ಅಷ್ಟು ನಂಬುವಂಥದ್ದಲ್ಲ, 'ಇಲ್ಲ' ಎಂಬುದು ಗಟ್ಟಿ. ಇಂಗ್ಲೆಂಡ್‌ನಲ್ಲಿ ಆಸ್ಪತ್ರೆಗೆ ಬರುವ ಹೆಚ್ಚುಕಡಿಮೆ ಎಲ್ಲರಿಗೂ ಎಂಆರ್‌ಎಸ್‌ಎ ಪರೀಕ್ಷೆ ಮಾಡುವ ನಿಯಮ ತಂದು, 2014ರಲ್ಲಿ ಅಪಾಯ ಜಾಸ್ತಿ ಇರುವವರಿಗೆ ಮಾತ್ರ ಸಾಕು ಎಂದು ತಿದ್ದಿದರು. ಆ ತಿದ್ದುಪಡಿ ನನಗೆ ಸರಿ ಕಾಣುತ್ತದೆ.

22 ಗಂಟೆ ಎಲ್ಲಿ ಹೋಯಿತು

ಈಗ ಮುಖ್ಯ ಪ್ರಶ್ನೆಗೆ ಬರೋಣ. ವೇಗದ ಪರೀಕ್ಷೆಯಿಂದ ಹರಡುವುದು ಕಡಿಮೆಯಾಯಿತೇ?

ಲಂಡನ್‌ನಲ್ಲಿ 10 ವಾರ್ಡ್‌ಗಳಲ್ಲಿ ನಡೆದ ಒಂದು ಪ್ರಯೋಗ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಕೆಲವು ತಿಂಗಳು ಪ್ಲೇಟ್ ಪರೀಕ್ಷೆ, ಕೆಲವು ತಿಂಗಳು ವೇಗದ ಪಿಸಿಆರ್. ಪ್ಲೇಟ್ ಪರೀಕ್ಷೆಯಲ್ಲಿ ಉತ್ತರ ಬರಲು ಸಾಮಾನ್ಯವಾಗಿ 46 ಗಂಟೆ ಹಿಡಿಯಿತು. ವೇಗದ ಪರೀಕ್ಷೆಯಲ್ಲಿ 22 ಗಂಟೆ. ಆಸ್ಪತ್ರೆಯಲ್ಲಿದ್ದಾಗ ಹೊಸದಾಗಿ ಎಂಆರ್‌ಎಸ್‌ಎ ಹತ್ತಿಸಿಕೊಂಡವರು ಮೊದಲಿನದರಲ್ಲಿ ಶೇ. 3.2, ಎರಡನೆಯದರಲ್ಲಿ ಶೇ. 2.8. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಅದೇ ವರ್ಷ ಜಿನೀವಾದಲ್ಲಿ ಸುಮಾರು 21,700 ಶಸ್ತ್ರಚಿಕಿತ್ಸೆ ರೋಗಿಗಳ ಮೇಲೆ ನಡೆದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಅಲ್ಲೂ ಉತ್ತರ ವಾರ್ಡ್‌ಗೆ ತಲುಪಲು ಹಿಡಿದದ್ದು 22 ಗಂಟೆ ಚಿಲ್ಲರೆ.

ಯಂತ್ರಕ್ಕೆ ಬೇಕಿದ್ದದ್ದು ಕೆಲವೇ ಗಂಟೆ. ಉಳಿದ ಹೊತ್ತು ಎಲ್ಲಿ ಹೋಯಿತು?

ರೋಗಿ ಬಂದ ಮೇಲೆ ಸ್ವ್ಯಾಬ್ ತೆಗೆಯಲು ಕೈ ಬಿಡುವಾಗಬೇಕು. ತೆಗೆದ ಸ್ವ್ಯಾಬ್ ವಾರ್ಡ್‌ನ ಟ್ರೇನಲ್ಲಿ ಕಾಯುತ್ತದೆ. ಒಯ್ಯುವವರು ಗೊತ್ತಾದ ಹೊತ್ತಿಗೆ ಮಾತ್ರ ಬರುತ್ತಾರೆ. ಲ್ಯಾಬ್‌ನಲ್ಲಿ ಒಂದೊಂದೇ ಮಾಡುವುದಕ್ಕಿಂತ ಒಂದಷ್ಟು ಸ್ಯಾಂಪಲ್ ಸೇರಿದ ಮೇಲೆ ಮಾಡಿದರೆ ಖರ್ಚು ಕಡಿಮೆ. ಹಾಗಾಗಿ ಬ್ಯಾಚ್‌ಗೆ ಕಾಯುತ್ತಾರೆ. ಸಂಜೆ ಬಂದದ್ದು ಬೆಳಿಗ್ಗೆಗೆ. ಉತ್ತರ ಬಂದು ಕಂಪ್ಯೂಟರ್‌ನಲ್ಲಿ ಕೂರುತ್ತದೆ. ಯಾರೋ ತೆರೆದು ನೋಡಬೇಕು. ನೋಡಿದವರಿಗೆ ಕೋಣೆ ಖಾಲಿ ಮಾಡಿಸುವ ಅಧಿಕಾರ ಇರಬೇಕು. ಇಲ್ಲಿ ಯಾರನ್ನೂ ದೂರುತ್ತಿಲ್ಲ. ಇಡೀ ವಾರ್ಡ್‌ಗೆ ಇಬ್ಬರು ನರ್ಸ್ ಇರುವ ರಾತ್ರಿ, ಜ್ವರವೂ ಇಲ್ಲದ ರೋಗಿಯ ಸ್ವ್ಯಾಬ್ ಹಿಂದೆ ಬೀಳುವುದು ಸಹಜ.

ಯುರೋಪಿನ 13 ಐಸಿಯುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕಟುವಾದ ಮಾತು ಹೇಳಿತು. ಅಲ್ಲಿ ಮೊದಲು ಕೈ ತೊಳೆಯುವ ಶಿಸ್ತನ್ನು ಬಿಗಿ ಮಾಡಿದರು, ರೋಗಿಗಳ ಮೈಯನ್ನು ದಿನಾ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದಿಂದ ಒರೆಸಿದರು. ಹರಡುವುದು ಇಳಿಯಿತು, ಮುಖ್ಯವಾಗಿ ಎಂಆರ್‌ಎಸ್‌ಎ. ಅದರ ಮೇಲೆ ಸ್ಕ್ರೀನಿಂಗ್ ಮತ್ತು ಪ್ರತ್ಯೇಕ ಇಡುವುದನ್ನು ಸೇರಿಸಿದರು. ಕೆಲವು ಕಡೆ ವೇಗದ ಪರೀಕ್ಷೆ, ಕೆಲವು ಕಡೆ ನಿಧಾನದ್ದು. ಹೆಚ್ಚಿನ ಲಾಭ ಕಾಣಲಿಲ್ಲ.

ಇದನ್ನು ಓದಿ 'ಹಾಗಾದರೆ ಸ್ಕ್ರೀನಿಂಗ್ ದಂಡ' ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈ ತೊಳೆಯದ ವಾರ್ಡ್‌ನಲ್ಲಿ ಪಿಸಿಆರ್ ಇಟ್ಟರೆ ಪ್ರಯೋಜನವಿಲ್ಲ ಎಂಬುದು ನಿಜ. ಆದರೆ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಪ್ಪಾಗುತ್ತದೆ.

ಎಂಆರ್‌ಎಸ್‌ಎ ಚರ್ಮದ ಮೇಲೆ, ಮೂಗಿನಲ್ಲಿ ಇರುತ್ತದೆ. ಅದನ್ನು ತೊಳೆಯಬಹುದು. ಅಮೆರಿಕದ 43 ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಯಾರನ್ನೂ ಪರೀಕ್ಷಿಸದೆ ಐಸಿಯುಗೆ ಬಂದ ಎಲ್ಲರಿಗೂ ಮೂಗಿಗೆ ಮ್ಯುಪಿರೊಸಿನ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಬಳಸಿದರು. ರಕ್ತದ ಸೋಂಕು, ಯಾವ ಸೂಕ್ಷ್ಮಜೀವಿಯಿಂದಲೇ ಆಗಲಿ, ಶೇ. 44ರಷ್ಟು ಇಳಿಯಿತು. ಪರೀಕ್ಷಿಸಿ ಪ್ರತ್ಯೇಕ ಇಟ್ಟವರಿಗಿಂತ ಈ ದಾರಿಯೇ ಮೇಲಾಯಿತು.

ಸಿಆರ್‌ಇ ಹಾಗಲ್ಲ. ಅದು ಕರುಳಿನೊಳಗೆ ಕೂತಿರುತ್ತದೆ. ಅದನ್ನು ಅಲ್ಲಿಂದ ಓಡಿಸುವ ನಂಬಿಕಸ್ತ ದಾರಿ ಇನ್ನೂ ನಮ್ಮ ಕೈಗೆ ಸಿಕ್ಕಿಲ್ಲ. ಹೊತ್ತವರು ತಿಂಗಳುಗಟ್ಟಲೆ ಹೊತ್ತೇ ಇರಬಹುದು. ಅದರ ಮೇಲೆ, ಎನ್‌ಡಿಎಂ, ಕೆಪಿಸಿಯಂಥ ಜೀನ್‌ಗಳು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಗಳಲ್ಲಿ ಇರುತ್ತವೆ. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ಈ ಬಳೆಯನ್ನು ದಾಟಿಸುತ್ತದೆ. ಸೋಂಕು ಬಂದರೆ ಚಿಕಿತ್ಸೆಗೆ ಉಳಿಯುವ ಮದ್ದುಗಳು ಬೆರಳೆಣಿಕೆ. ತೊಳೆಯಲು ಆಗದು, ಮದ್ದೂ ಕಡಿಮೆ. ಉಳಿದದ್ದು ಯಾರು ಹೊತ್ತಿದ್ದಾರೆ ಎಂದು ಬೇಗ ತಿಳಿದುಕೊಳ್ಳುವುದೊಂದೇ. ನನ್ನ ಅಭಿಪ್ರಾಯದಲ್ಲಿ ವೇಗದ ಪರೀಕ್ಷೆಗೆ ಹಣ ಕಡಿಮೆ ಇದ್ದರೆ ಅದು ಮೊದಲು ಇಲ್ಲಿಗೆ ಬರಬೇಕು. ಬೇರೆ ಆಸ್ಪತ್ರೆಯಿಂದ ಬಂದವರು, ಐಸಿಯುಗೆ ಹೋಗುವವರು, ಹೊತ್ತವರ ಪಕ್ಕದ ಹಾಸಿಗೆಯಲ್ಲಿದ್ದವರು, ಇವರಿಗೆ ಮೊದಲು.

ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಇಸ್ರೇಲ್‌ನ ಅನುಭವ ಇದೆ. 2006ರಲ್ಲಿ ಕೆಪಿಸಿ ಹೊತ್ತ ಕ್ಲೆಬ್ಸಿಯೆಲ್ಲಾ ಅಲ್ಲಿನ ಆಸ್ಪತ್ರೆಗಳಿಗೆಲ್ಲ ನುಗ್ಗಿತು. 2007ರ ಮಾರ್ಚ್ ಕೊನೆಗೆ 27 ಆಸ್ಪತ್ರೆಗಳಲ್ಲಿ 1,275 ರೋಗಿಗಳು. ಒಂದೊಂದು ಆಸ್ಪತ್ರೆಯೂ ತನ್ನಷ್ಟಕ್ಕೆ ಹೋರಾಡಿ ಸೋತಿತ್ತು. ಆಗ ಆರೋಗ್ಯ ಇಲಾಖೆ ಇಡೀ ದೇಶಕ್ಕೆ ಒಂದೇ ನಿಯಮ ತಂದಿತು. ಹೊತ್ತವರನ್ನು ಬೇರೆ ಜಾಗದಲ್ಲಿ ಇಡಬೇಕು. ಅವರನ್ನು ನೋಡುವ ನರ್ಸ್‌ಗಳು ಅದೇ ಪಾಳಿಯಲ್ಲಿ ಬೇರೆಯವರನ್ನು ನೋಡಬಾರದು. ದಿನಾ ಲೆಕ್ಕ ಕಳಿಸಬೇಕು. ಒಂದು ತಂಡ ಆಸ್ಪತ್ರೆಗಳಿಗೆ ಹೋಗಿ ಕಣ್ಣಾರೆ ನೋಡಿತು. ಲಕ್ಷ ರೋಗಿ-ದಿನಗಳಿಗೆ (ಒಬ್ಬ ರೋಗಿ ಆಸ್ಪತ್ರೆಯಲ್ಲಿ ಕಳೆದ ಒಂದು ದಿನವೇ ಒಂದು ರೋಗಿ-ದಿನ) 55.5 ಇದ್ದ ಹೊಸ ಪ್ರಕರಣಗಳು 2008ರ ಮೇ ಹೊತ್ತಿಗೆ 11.7ಕ್ಕೆ ಇಳಿದವು.

ಗಮನಿಸಿ, ಇದಕ್ಕೆ ಒಂದು ಗಂಟೆಯ ಯಂತ್ರ ಕಾರಣ ಅಲ್ಲ. ಉತ್ತರ ಬಂದ ಮೇಲೆ ಏನು ಮಾಡಬೇಕೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು, ಮಾಡದಿದ್ದರೆ ಕೇಳುವವರಿದ್ದರು. ಅಂಥ ವ್ಯವಸ್ಥೆ ಇರುವ ಕಡೆ ಒಂದು ದಿನ ಉಳಿಸಿದರೆ ಆ ದಿನ ನಿಜವಾಗಿ ಉಳಿಯುತ್ತದೆ. ನೆದರ್ಲೆಂಡ್ಸ್ ಕೂಡ ಇದೇ ಶಿಸ್ತಿನಿಂದ ಎಂಆರ್‌ಎಸ್‌ಎಯನ್ನು ದಶಕಗಳಿಂದ ತುಂಬಾ ಕಡಿಮೆ ಇಟ್ಟುಕೊಂಡಿದೆ. ಬೇರೆ ದೇಶದ ಆಸ್ಪತ್ರೆಯಿಂದ ಬಂದವರನ್ನು, ಹಂದಿ ಸಾಕಣೆ ಕೇಂದ್ರಗಳಲ್ಲಿ ಕೆಲಸ ಮಾಡುವವರನ್ನು ಪರೀಕ್ಷೆ 'ಇಲ್ಲ' ಎನ್ನುವವರೆಗೆ ಅಲ್ಲಿ ಪ್ರತ್ಯೇಕ ಇಡುತ್ತಾರೆ.

ಬೇಗ ಸಿಗುವ 'ಇಲ್ಲ'

ಲಂಡನ್ ಪ್ರಯೋಗದಲ್ಲಿ ಇನ್ನೊಂದು ಅಂಕಿ ಇತ್ತು. ಅದರ ಬಗ್ಗೆ ಮಾತು ಕಡಿಮೆ. ಅನುಮಾನದ ಮೇಲೆ ಸುಮ್ನೆ ಪ್ರತ್ಯೇಕ ಇಟ್ಟ ದಿನಗಳು, ಅಂದರೆ ಬೇಕಿಲ್ಲದಿದ್ದ ಐಸೊಲೇಷನ್, ಪ್ಲೇಟ್ ಪರೀಕ್ಷೆಯಲ್ಲಿ 399. ವೇಗದ ಪರೀಕ್ಷೆಯಲ್ಲಿ 277.

ನನಗೆ ಇದು ದೊಡ್ಡ ವಿಷಯ. ಪ್ರತ್ಯೇಕ ಕೋಣೆ ಎಂದರೆ ಬರೀ ಗೋಡೆ ಅಲ್ಲ. ಪ್ರತಿ ಸಲ ಒಳಗೆ ಹೋಗಲು ಗೌನ್ ಹಾಕಬೇಕು. ಹಾಗಾಗಿ ವೈದ್ಯರು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಮನೆಯವರು ಬಾಗಿಲಲ್ಲೇ ನಿಲ್ಲುತ್ತಾರೆ. ಮುಟ್ಟುವವರು ಇರುವುದಿಲ್ಲ. 2003ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಹೀಗೆ ಪ್ರತ್ಯೇಕ ಇಟ್ಟ ರೋಗಿಗಳಿಗೆ ಚಿಕಿತ್ಸೆಯ ವೇಳೆ ತೊಂದರೆಗಳು ಉಳಿದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ ಆಗಿದ್ದವು. ಬೀಳುವುದು, ಹಾಸಿಗೆ ಹುಣ್ಣು, ನೀರು ಉಪ್ಪಿನ ಏರುಪೇರು, ಇಂಥವು. ಯಾವ ಬ್ಯಾಕ್ಟೀರಿಯಾವೂ ಇಲ್ಲದ ಒಬ್ಬ ವೃದ್ಧರನ್ನು ರಿಪೋರ್ಟ್ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಎರಡು ದಿನ ಒಂಟಿಯಾಗಿ ಇಡುವುದು ಸಣ್ಣ ನೋವಲ್ಲ.

ಚಿಕಿತ್ಸೆಯಲ್ಲೂ 'ಇಲ್ಲ' ಎಂಬ ಉತ್ತರಕ್ಕೆ ಬೆಲೆ ಇದೆ. ನ್ಯುಮೋನಿಯಾ ಆಗಿ ಬಂದ ರೋಗಿಗೆ ಎಂಆರ್‌ಎಸ್‌ಎ ಇರಬಹುದು ಎಂಬ ಭಯದಿಂದ ವ್ಯಾಂಕೊಮೈಸಿನ್ ಶುರು ಮಾಡುತ್ತಾರೆ. ಅದು ಕಿಡ್ನಿಗೆ ಭಾರ. ಮೂಗಿನ ಪಿಸಿಆರ್ 'ಇಲ್ಲ' ಎಂದರೆ ಶ್ವಾಸಕೋಶದಲ್ಲಿ ಎಂಆರ್‌ಎಸ್‌ಎ ಇಲ್ಲದಿರುವ ಸಾಧ್ಯತೆ ಸಾಮಾನ್ಯವಾಗಿ ಶೇ. 95ಕ್ಕಿಂತ ಜಾಸ್ತಿ. ಅಂದೇ ಆ ಮದ್ದು ನಿಲ್ಲಿಸಬಹುದು. ಬೇಡದ ಆ್ಯಂಟಿಬಯಾಟಿಕ್ ಒಂದು ದಿನ ಕಡಿಮೆಯಾದರೆ ಬಗ್ಗದ ತಳಿ ಹುಟ್ಟುವ ಅವಕಾಶವೂ ಅಷ್ಟು ಕಡಿಮೆ.

ಹೊಸ ಯಂತ್ರ ತರುವ ಆಸ್ಪತ್ರೆ ಮೊದಲು ಒಂದು ಕೆಲಸ ಮಾಡಬೇಕು ಎಂದು ನನ್ನ ಆಸೆ. ಈಗಿನ ವ್ಯವಸ್ಥೆಯಲ್ಲೇ ಒಂದು ವಾರ ನಾಲ್ಕು ಹೊತ್ತು ಬರೆದಿಡಬೇಕು. ರೋಗಿ ಬಂದ ಹೊತ್ತು, ಸ್ವ್ಯಾಬ್ ತೆಗೆದ ಹೊತ್ತು, ಉತ್ತರ ಬಂದ ಹೊತ್ತು, ವಾರ್ಡ್‌ನಲ್ಲಿ ಯಾರಾದರೂ ಅದರಂತೆ ನಡೆದ ಹೊತ್ತು. ಬೆಳಿಗ್ಗೆ ಒಮ್ಮೆ ಓಡುವ ಬ್ಯಾಚನ್ನು ಸಂಜೆಯೂ ಓಡಿಸಿದರೆ, 'ಇದೆ' ಎಂದು ಬಂದ ತಕ್ಷಣ ಫೋನ್ ಮಾಡಿದರೆ, ಎಷ್ಟು ಗಂಟೆ ಉಳಿಯುತ್ತದೆ ಎಂದು ಆಗ ಕಾಣುತ್ತದೆ. ಇದಕ್ಕೆ ದುಡ್ಡು ಜಾಸ್ತಿ ಬೇಡ. ಆದರೆ ಲ್ಯಾಬ್‌ನ ಕಂಪ್ಯೂಟರ್ ಸಾಮಾನ್ಯವಾಗಿ ಲೆಕ್ಕ ಶುರು ಮಾಡುವುದು ಸ್ಯಾಂಪಲ್‌ನ ಬಾರ್‌ಕೋಡ್ ಲ್ಯಾಬ್‌ನಲ್ಲಿ ಸ್ಕ್ಯಾನ್ ಆದ ಮೇಲೆ, ನಿಲ್ಲಿಸುವುದು ರಿಪೋರ್ಟ್ ಹೊರಟಾಗ. ಸ್ವ್ಯಾಬ್ ವಾರ್ಡ್‌ನ ಟ್ರೇನಲ್ಲಿ ಕಳೆದ ರಾತ್ರಿ ಆ ಲೆಕ್ಕದಲ್ಲಿ ಎಲ್ಲೂ ಇರುವುದಿಲ್ಲ.